ಹೂಳಿಗರಿಗೆ ರಾಜನೇಕಿಲ್ಲ?

ಹೂಳಿಗರ ಕಥೆಗಳನ್ನು ಓದಿದವರು ನನ್ನನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದೇ: ಇವರಿಗೆ ರಾಜನೇಕಿಲ್ಲ? ಕಲ್ಪನಾಲೋಕದ ಕಥೆಯೆಂದ ಮೇಲೆ ಸಿಂಹಾಸನ, ಪಟ್ಟಾಭಿಷೇಕ, ದಾಯಾದಿ ಕಲಹ ಇವುಗಳಲ್ಲಿ ಒಂದಾದರೂ ಇರಬೇಕೆಂದು ಓದುಗರು ನಿರೀಕ್ಷಿಸುವುದು ಸಹಜ. ರಾಜರ ಮೇಲಿನ ಸಿಟ್ಟಿನಿಂದ ನಾನು ಹಾಗೆ ಬರೆದಿದ್ದೇನೆಂದು ಕೆಲವರು ಭಾವಿಸಿದ್ದಾರೆ. ನಿಜವಾದ ಕಾರಣ ಹೂಳಿಗರ ಮೈಯಲ್ಲಿದೆ. ಅವರ ದೇಹ ಹೇಗಿರಬೇಕೆಂದು ಮೊದಲು ನಿಶ್ಚಯಿಸಿಕೊಂಡೆ. ಅಂಥ ದೇಹವಿರುವವರ ನಡುವೆ ರಾಜನಿಗೆ ಜಾಗವೇ ಸಿಗಲಿಲ್ಲ.

ಕಥೆಗಳನ್ನು ಓದದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಹೂಳಿಗರು ಬೆಂಗಳೂರು ಸೀಮೆಯ ಕೆರೆಗಳಲ್ಲಿ ಬದುಕುತ್ತಾರೆಂದು ನಾನು ಕಲ್ಪಿಸಿಕೊಂಡ ಜೀವಿಗಳು. ಒಂದು ಮೊಳ ಉದ್ದದ ಮೈ, ಹುರುಪೆಯಿಲ್ಲದ ನುಣುಪು ಚರ್ಮ, ಅಗೆಯಲು ತಕ್ಕಂತೆ ಗಟ್ಟಿಯಾದ ಎರಡು ಕೈಗಳು. ನೀರಿರುವಾಗ ಕಿವಿರು, ನೀರು ಬತ್ತಿದಾಗ ಶ್ವಾಸಕೋಶ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತಿರುವ ಈ ಊರಿಗೆ ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲ. ಇಲ್ಲಿಯ ಕೆರೆಗಳೆಲ್ಲ ಹಳ್ಳಗಳಿಗೆ ಏರಿ ಕಟ್ಟಿ ಮನುಷ್ಯರೇ ಮಾಡಿದವು. ಹಿಂದೆ ಅವುಗಳಲ್ಲಿ ಅನೇಕವು ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಒಣಗುತ್ತಿದ್ದವು.

ಇಂಥ ಕೆರೆಯಲ್ಲಿ ಬದುಕಬೇಕಾದ ಜೀವಿಗೆ ನೀರಿಲ್ಲದ ದಿನಗಳನ್ನು ದಾಟುವ ಉಪಾಯ ಗೊತ್ತಿರಲೇಬೇಕು. ಅದನ್ನು ನಾನು ಪ್ರಕೃತಿಯಿಂದಲೇ ಪಡೆದೆ. ಆಫ್ರಿಕದ ಶ್ವಾಸಕೋಶದ ಮೀನು ನೀರು ಬತ್ತತೊಡಗಿದಾಗ ಕೆಸರನ್ನು ಕೊರೆದು ಇಳಿದು, ಮೈಯನ್ನು ಮಡಚಿಕೊಂಡು, ತನ್ನದೇ ಲೋಳೆಯನ್ನು ಸುತ್ತಲೂ ಹೊದ್ದು, ಆ ಲೋಳೆ ಒಣಗಿ ಪೊರೆಯಾದಾಗ ಬಾಯಿಯ ಬಳಿ ಉಸಿರಿಗೊಂದು ಕಿಂಡಿಯನ್ನು ಮಾತ್ರ ಉಳಿಸಿಕೊಂಡು ಮಲಗಿಬಿಡುತ್ತದೆ. ಅದರ ದೇಹದ ಕ್ರಿಯೆಗಳೆಲ್ಲ ನಿಧಾನವಾಗುತ್ತವೆ, ಸ್ನಾಯುಗಳೇ ಕರಗಿ ಆಹಾರವಾಗುತ್ತವೆ, ವಿಷವಾಗಬಹುದಾಗಿದ್ದ ಅಮೋನಿಯ ಯೂರಿಯಾ ರೂಪದಲ್ಲಿ ಮೈಯೊಳಗೆ ಸಂಗ್ರಹವಾಗುತ್ತದೆ. ಮಳೆ ಬಾರದಿದ್ದರೆ ಅದು ವರ್ಷಗಟ್ಟಲೆ ಹೀಗೆಯೇ ಇರಬಲ್ಲದು. ನಮ್ಮ ಗದ್ದೆ ಬಯಲಿನ ಗೋಂಕರು ಕಪ್ಪೆಯೂ ಬೇಸಿಗೆಯನ್ನು ಮಣ್ಣಿನೊಳಗೇ ಕಳೆಯುತ್ತದೆ. ಹೂಳಿಗರಿಗೆ ನಾನು ಈ ನಿದ್ರೆಯನ್ನು ಕೊಟ್ಟೆ, ಜೊತೆಗೆ ನೆನಪನ್ನೂ ಮಾತನ್ನೂ ಕೊಟ್ಟೆ. ಉಳಿದದ್ದೆಲ್ಲ ಇದರಿಂದಲೇ ಹುಟ್ಟಿಕೊಂಡಿತು.

ಒಣಗಿದ ಕೆರೆಗೆ ನೀರು ಬಂದಾಗ ಅದು ಮೊದಲು ಸೇರುವುದು ಏರಿಯ ಬುಡದಲ್ಲಿ, ತೂಬಿನ ಸುತ್ತಲಿನ ಗುಂಡಿಯಲ್ಲಿ. ಆದ್ದರಿಂದ ಅಲ್ಲಿ ಮಲಗಿದವರಿಗೆ ಮೊದಲು ಎಚ್ಚರವಾಗುತ್ತದೆ. ಹಿನ್ನೀರಿನ ಅಂಚಿನಲ್ಲಿ ಮಲಗಿದವರನ್ನು ನೀರು ಮುಟ್ಟಬೇಕಾದರೆ ಕೆರೆ ಕೋಡಿ ಬೀಳುವಷ್ಟು ತುಂಬಬೇಕು. ಮುಂಗಾರು ಕೈಕೊಟ್ಟು ಹಿಂಗಾರೂ ತೆಳುವಾದ ವರ್ಷ ಗುಂಡಿಯವರು ಎದ್ದು, ಉಂಡು, ಜಗಳವಾಡಿ, ಮದುವೆಯಾಗಿ, ಮಕ್ಕಳು ಮಾಡಿ ಮತ್ತೆ ಮಲಗಿಬಿಡುತ್ತಾರೆ; ಅಂಚಿನವರಿಗೆ ಆ ವರ್ಷ ಬಂದುಹೋದದ್ದೇ ತಿಳಿಯುವುದಿಲ್ಲ. ಹೀಗಾಗಿ ಹೂಳಿಗರು ವಯಸ್ಸನ್ನು ವರ್ಷಗಳಲ್ಲಿ ಎಣಿಸದೆ ತಾವು ಕಂಡ ನೀರುಗಳಲ್ಲಿ ಎಣಿಸುತ್ತಾರೆ. ಒಂದೇ ಮೊಟ್ಟೆಯ ರಾಶಿಯಿಂದ ಹೊರಬಂದ ಅಕ್ಕ ತಂಗಿಯರಲ್ಲಿ ಒಬ್ಬಳು ಇಪ್ಪತ್ತು ನೀರು ಕಂಡು ಮುದುಕಿಯಾಗಿರುತ್ತಾಳೆ, ಇನ್ನೊಬ್ಬಳು ಆರೇ ನೀರು ಕಂಡು ಇನ್ನೂ ಹರೆಯದಲ್ಲಿರುತ್ತಾಳೆ. ಅವರಲ್ಲಿ ಹಿರಿಯಳು ಯಾರು? ಪಟ್ಟವು ಹಿರಿಯ ಮಗನಿಗೆ ಅಥವಾ ಮಗಳಿಗೆ ಹೋಗಬೇಕಾದರೆ ಹಿರಿತನವೆಂಬುದು ಎಲ್ಲರೂ ಒಪ್ಪುವ ಸಂಗತಿಯಾಗಿರಬೇಕು. ಹೂಳಿಗರಲ್ಲಿ ಅದು ಪ್ರತಿ ಮಳೆಗಾಲಕ್ಕೂ ಬದಲಾಗುತ್ತದೆ.

ಮೊದಲು ಎದ್ದವರೇ ಆಳಬಹುದಲ್ಲ ಎಂದು ಒಬ್ಬ ಓದುಗರು ವಾದಿಸಿದ್ದರು. ಇದು ಒಳ್ಳೆಯ ವಾದ. ನಾನೂ ಇದರ ಮೇಲೆ ಬಹಳ ಯೋಚಿಸಿದ್ದೇನೆ. ಆದರೆ ಇಂದು ಮೊದಲು ಎದ್ದವನು ಮುಂದಿನ ಸಲ ಅಂಚಿನಲ್ಲಿ ಮಲಗಬೇಕಾಗಬಹುದು, ಆಗ ಅವನ ಮೈ ಬೇರೆಯವರ ಕೈಯಲ್ಲಿರುತ್ತದೆ. ಮಲಗಿದ ಹೂಳಿಗನು ಓಡಲಾರ, ಕಚ್ಚಲಾರ, ಕೂಗಲಾರ. ಎಚ್ಚರವಿರುವವರು ಅವನ ಗೂಡನ್ನು ಅಗೆಯದೆ ಬಿಟ್ಟಿದ್ದರಿಂದಲೇ ಅವನು ಬದುಕಿರುತ್ತಾನೆ. ಪ್ರತಿಯೊಬ್ಬರೂ ಎಂದಾದರೊಂದು ದಿನ ಈ ಸ್ಥಿತಿಗೆ ಬರುವುದರಿಂದ, ಎಚ್ಚರವಿರುವವರು ಮಲಗಿರುವವರಿಗೆ ಸಾಲಗಾರರು ಎಂಬುದು ಅವರ ಮೊದಲ ಕಟ್ಟಳೆಯಾಯಿತು.

ಆ ಸಾಲ ತೀರಿಸುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಒಬ್ಬನ ಮೇಲಿನ ಮಣ್ಣು ನೆನೆದು ಮೆತ್ತಗಾದಾಗ ಎಚ್ಚರವಿರುವ ಇಬ್ಬರು ಅವನ ಕಿಂಡಿಯ ಎರಡೂ ಬದಿಗೆ ಕೈಯೂರಿ ಕಾಯುತ್ತಾರೆ. ಪೊರೆಯನ್ನು ಅವರು ಹರಿಯುವಂತಿಲ್ಲ. ಒಳಗಿನವನೇ ಹರಿದುಕೊಂಡು ಬರಬೇಕು. ಹೊರಬಂದವನ ತೊಡೆಗಳು ಬತ್ತಿರುತ್ತವೆ, ಈಜಲು ಬಲವಿರುವುದಿಲ್ಲ. ಮೊದಲು ಅವನಿಗೆ ಅವನದೇ ಪೊರೆಯನ್ನು ತಿನ್ನಿಸುತ್ತಾರೆ, ಆಮೇಲೆ ಅರೆದ ಬಸವನಹುಳು. ಅವನು ಉಣ್ಣುತ್ತಿರುವಾಗಲೇ ಲೆಕ್ಕ ಒಪ್ಪಿಸುವುದು ಆರಂಭವಾಗುತ್ತದೆ: ನೀನು ಮಲಗಿದ ಮೇಲೆ ಎಷ್ಟು ನೀರು ಬಂತು, ಯಾರು ಸತ್ತರು, ನಿನ್ನ ಮಕ್ಕಳಲ್ಲಿ ಯಾರಿಗೆ ಮದುವೆಯಾಯಿತು, ಯಾವ ವ್ಯಾಜ್ಯ ಹೇಗೆ ತೀರಿತು. ಅವನು ಕೇಳಿದ ಪ್ರಶ್ನೆಗೆ ಉತ್ತರ ಸಿಗುವವರೆಗೆ ಆ ಇಬ್ಬರು ಅಲ್ಲಿಂದ ಏಳುವಂತಿಲ್ಲ.

ತೀರಿದ ವ್ಯಾಜ್ಯವೂ ಪೂರ್ತಿ ತೀರಿದಂತಲ್ಲ. ಕೆರೆ ಕೋಡಿ ಬಿದ್ದು, ಅಂಚಿನ ಕೊನೆಯವರೆಗೂ ಎಲ್ಲರೂ ಎದ್ದು ಕೇಳುವವರೆಗೆ ಯಾವ ತೀರ್ಮಾನವೂ ಸ್ಥಿರವಾಗುವುದಿಲ್ಲ. ಒಂದು ಕಥೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಮಲಗುವ ಜಾಗದ ಗಡಿಗಾಗಿ ಜಗಳವಾಡುತ್ತಾರೆ. ಗುಂಡಿಯವರು ಸೇರಿ ತಮ್ಮನ ಪರವಾಗಿ ಹೇಳುತ್ತಾರೆ. ಆಮೇಲೆ ಹನ್ನೊಂದು ವರ್ಷ ಕೋಡಿಯೇ ಬೀಳುವುದಿಲ್ಲ. ಅಷ್ಟೂ ಕಾಲ ತಮ್ಮ ಆ ಜಾಗದಲ್ಲಿ ಮಲಗುತ್ತಾನೆ, ಆದರೆ ಅದನ್ನು ತನ್ನದೆಂದು ಹೇಳಿಕೊಳ್ಳುವಂತಿಲ್ಲ. ಕೊನೆಗೆ ಎಚ್ಚೆತ್ತ ಅಂಚಿನ ಅಜ್ಜಿಯೊಬ್ಬಳು, ಆ ಜಾಗವನ್ನು ತಾನು ಇವರಿಬ್ಬರ ತಾಯಿಗೆ ಕೈಗಡವಾಗಿ ಕೊಟ್ಟಿದ್ದೆನೆಂದು ನೆನಪಿಸುತ್ತಾಳೆ. ಹೂಳಿಗರ ಮುದುಕರು ಸಾಮಾನ್ಯವಾಗಿ ಅಂಚನ್ನೇ ಬೇಡಿ ಪಡೆಯುತ್ತಾರೆ. ಉಳಿದಿರುವ ನಾಲ್ಕೈದು ನೀರುಗಳನ್ನು ಬೇಗ ಮುಗಿಸದೆ, ದೂರದ ಮಳೆಗಾಲಗಳನ್ನು ನೋಡುವ ಆಸೆ ಅವರದು. ಹೀಗಾಗಿ ಹಳೆಯ ನೆನಪುಳ್ಳವರ ಮಾತು ಯಾವಾಗಲೂ ಕೊನೆಯಲ್ಲಿ ಬರುತ್ತದೆ, ಎಲ್ಲವನ್ನೂ ಬದಲಿಸಬಲ್ಲದ್ದಾಗಿ ಬರುತ್ತದೆ. ಆಜ್ಞೆ ಹೊರಡಿಸುವ ರಾಜನೊಬ್ಬ ಇದನ್ನು ಸಹಿಸಲಾರ.

ಅವರ ದನಿಯೂ ಆಳ್ವಿಕೆಗೆ ಒದಗುವಂಥದ್ದಲ್ಲ. ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ನದಿಗಳಲ್ಲಿ ಕೆಲವು ಮೀನುಗಳು ದುರ್ಬಲ ವಿದ್ಯುತ್ ಮಿಡಿತಗಳಿಂದ ಕತ್ತಲಲ್ಲೂ ಕಲಕು ನೀರಿನಲ್ಲೂ ದಾರಿ ಕಾಣುತ್ತವೆ, ಒಂದನ್ನೊಂದು ಗುರುತಿಸುತ್ತವೆ. ಹೂಳಿಗರ ಮಾತೂ ಅಂಥ ಮಿಡಿತವೇ. ಕೆಲವೇ ಮಾರು ದೂರ ಮುಟ್ಟುತ್ತದೆ. ನೀರಿನಲ್ಲಿ ಲವಣಗಳು ಹೆಚ್ಚಿದಂತೆ ಇಂಥ ಮಿಡಿತದ ವ್ಯಾಪ್ತಿ ಕುಗ್ಗುತ್ತದೆ. ಆದ್ದರಿಂದ ಊರಿನ ಕೊಳಚೆ ಸೇರುವ ಬೆಳ್ಳಂದೂರಿನಂಥ ಕೆರೆಯಲ್ಲಿ ನನ್ನ ಹೂಳಿಗರು ಮೈಗೆ ಮೈ ತಾಗಿಸಿಕೊಂಡೇ ಮಾತನಾಡಬೇಕಾಗಿದೆ.

ತೀರ್ಮಾನಕ್ಕಾಗಿ ಅಂಚಿನ ಹಿರಿಯರನ್ನು ಕಾಯುವ ಈ ಕ್ರಮ ಎಲ್ಲ ಕೆರೆಗಳಿಗೂ ಹೊಂದುವುದಿಲ್ಲವೆಂಬುದನ್ನೂ ಹೇಳಬೇಕು. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಮಣ್ಣಿನಲ್ಲಿ ಹಳಬರು ಯಾರೂ ಮಲಗಿರಲಿಲ್ಲ. ಬೇರೆ ಕೆರೆಗಳಿಂದ ಕಾಲುವೆ ಹಿಡಿದು ಬಂದು ನೆಲೆಸಿದವರಿಗೆ ಲೆಕ್ಕ ಒಪ್ಪಿಸಬೇಕಾದ ಅಂಚಿನ ಹಿರಿಯರಿರಲಿಲ್ಲ. ಅವರು ಆತುರದ ಜನ, ತೀರ್ಮಾನಗಳನ್ನು ಬೇಗ ಮಾಡುತ್ತಾರೆ. ಧರ್ಮಾಂಬುಧಿ ಕೆರೆಯದು ಇದಕ್ಕೆ ತೀರ ವಿರುದ್ಧ. ಈಗ ಅದರ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಅಲ್ಲಿ ಮಲಗಿದವರ ಪಾಲಿನ ತೀರ್ಮಾನಗಳನ್ನು ಉಳಿದ ಕೆರೆಗಳವರು ಇಂದಿಗೂ ಸ್ಥಿರಗೊಳಿಸಿಲ್ಲ.

ರಾಜನಿಲ್ಲದಿದ್ದರೆ ಅಪಾಯ ಬಂದಾಗ ಮುಂದಾಳು ಯಾರು ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಹಿಂದೆ ಬೇಸಿಗೆಯಲ್ಲಿ ಊರವರು ಕೆರೆಯ ಹೂಳೆತ್ತಿ ಹೊಲಗಳಿಗೆ ಹಾಕುತ್ತಿದ್ದಾಗ, ತೂಬಿನ ನೀರು ಬಿಡುವ ನೀರಗಂಟಿಗೆ ಗೂಡುಗಳಿರುವ ಜಾಗ ಗೊತ್ತಿರುತ್ತಿತ್ತೆಂದೂ ಅವನು ಅಲ್ಲಿ ಗುದ್ದಲಿ ಹಾಕಿಸುತ್ತಿರಲಿಲ್ಲವೆಂದೂ ನಾನು ಬರೆದಿದ್ದೇನೆ. ಜೆಸಿಬಿ ಬಂದ ಮೇಲೆ ಈ ಒಪ್ಪಂದ ಮುರಿಯಿತು. ಕೆರೆಯನ್ನು ಬಟ್ಟಲಿನಂತೆ ಕಡಿದಾಗಿ ಅಗೆದು ಸುತ್ತ ನಡಿಗೆ ಹಾದಿ ಮಾಡಿದಾಗ ಅಂಚು ಎಂಬುದೇ ಉಳಿಯುವುದಿಲ್ಲ, ಅಂದರೆ ಹೂಳಿಗರ ಹಿರಿಯರಿಗೆ ಮಲಗಲು ಜಾಗವಿರುವುದಿಲ್ಲ. ನಿಜವಾದ ಕೆರೆಗಳಲ್ಲಿಯೂ ತೆಳುನೀರಿನ ಆ ಅಂಚನ್ನೇ ನಂಬಿದ ಹಕ್ಕಿಗಳಿವೆ, ಜೊಂಡಿದೆ, ಮರಿಮೀನುಗಳಿವೆ. ಅದು ಹೋಗುವುದನ್ನು ನೋಡಿ ನನಗೆ ತಡೆಯಲಾಗದ ಸಂಕಟವಾಗುತ್ತದೆ. ಈ ಪ್ರಶ್ನೆಗೆ ಹೂಳಿಗರ ಬಳಿ ಒಳ್ಳೆಯ ಉತ್ತರವಿಲ್ಲ. ಅವರ ವ್ಯವಸ್ಥೆ ಬರಗಾಲಕ್ಕೆ ತಕ್ಕದ್ದು, ಯಂತ್ರಕ್ಕಲ್ಲ.

ಹಾಗಾದರೆ ಎಂದಿಗೂ ರಾಜ ಬರುವುದಿಲ್ಲವೇ? ಬರುತ್ತಾನೆ, ಕೋಲಾರದ ಕಡೆಯಿಂದ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಪೈಪುಗಳಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಅಂಥ ಒಂದು ಕೆರೆ ಬೇಸಿಗೆಯಲ್ಲೂ ಒಣಗದೆ ಉಳಿಯಿತೆನ್ನಿ. ಆಗ ಯಾರೂ ಮಲಗಬೇಕಿಲ್ಲ, ಎಲ್ಲರೂ ಒಂದೇ ಲೆಕ್ಕದಲ್ಲಿ ಬೆಳೆಯುತ್ತಾರೆ, ಹಿರಿತನ ಮೊದಲ ಬಾರಿಗೆ ನಿಶ್ಚಿತವಾಗುತ್ತದೆ; ಯಾರ ನಿದ್ರೆಯನ್ನೂ ಕಾಯಬೇಕಿಲ್ಲದ್ದರಿಂದ ಯಾರಿಗೂ ಸಾಲವಿರುವುದಿಲ್ಲ. ಅಲ್ಲಿ ಒಬ್ಬಳು ತಾನೇ ಎಲ್ಲರಿಗೂ ಹಿರಿಯಳೆಂದು ಹೇಳಿಕೊಳ್ಳುತ್ತಾಳೆ, ಉಳಿದವರಿಗೆ ಅದನ್ನು ಅಲ್ಲಗಳೆಯಲು ಆಧಾರವಿರುವುದಿಲ್ಲ. ಅವಳ ಮಗನಿಗೆ ಪಟ್ಟವಾಗುತ್ತದೆ. ನಾನು ಈಗ ಬರೆಯುತ್ತಿರುವ ಕಥೆಯಲ್ಲಿ ಒಂದು ಬೇಸಿಗೆ ಆ ನೀರನ್ನು ತಳ್ಳುವ ಪಂಪು ಕೆಟ್ಟು ನಿಲ್ಲುತ್ತದೆ. ಎಂದೂ ಮಲಗದ ರಾಜನಿಗೆ ತನ್ನ ಮೈ ಲೋಳೆಯನ್ನು ಸುರಿಸತೊಡಗಿದ್ದು ಏಕೆಂದು ಹೇಳಿಕೊಡುವವರು ಆ ಕೆರೆಯಲ್ಲಿ ಯಾರೂ ಉಳಿದಿಲ್ಲ, ಅವನು ಮಲಗಿದ ಮೇಲೆ ಗೂಡು ಕಾಯಬೇಕೆಂಬ ಕಟ್ಟಳೆಯೂ ಉಳಿದಿಲ್ಲ.