ದಾರಿ ತೋರಿಸುವ ಪೆಟ್ಟಿಗೆಗೆ ಒಂದು ದಿನದ ಪರೀಕ್ಷೆ

ಅಂಗಡಿಯ ದೀಪದ ಕೆಳಗೆ ಎಲ್ಲ ನ್ಯಾವಿಗೇಶನ್ ಸಾಧನಗಳೂ ಚೆಂದವೇ. ಅವುಗಳ ಬಂಡವಾಳ ಬಯಲಾಗುವುದು ಬೆಳಗಿನಿಂದ ಸಂಜೆಯವರೆಗೆ ಬೈಕಿನ ಹ್ಯಾಂಡಲ್ ಮೇಲೆ ಕೂತು ಬಿಸಿಲು, ಮಳೆ, ನಡುಕ ಎಲ್ಲವನ್ನೂ ತಿಂದ ಮೇಲೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಸ್ಕ್ರೀನಿನತ್ತ ಎರಡು ಸೆಕೆಂಡು ಕಣ್ಣು ಹಾಯಿಸಿದರೆ 33 ಮೀಟರ್ ಕುರುಡು ಸವಾರಿ. ಹಾಗಾಗಿ ಯಾವ ಸೌಲಭ್ಯವನ್ನೇ ತೂಗುವಾಗಲೂ ಕೇಳಬೇಕಾದ್ದು ಒಂದೇ: ಇದರಿಂದ ಕಣ್ಣು ರಸ್ತೆಯ ಮೇಲೆ ಉಳಿಯುತ್ತದೋ, ಕೆಳಗಿಳಿಯುತ್ತದೋ?

ಬೆಳಿಗ್ಗೆ ಹೊರಡುವಾಗ ಮೊದಲು ಎದುರಾಗುವುದು ಗ್ಲೌಸ್. ಫೋನಿನ ಕೆಪಾಸಿಟಿವ್ ಸ್ಕ್ರೀನಿಗೆ ಬೆರಳಿನ ಸ್ಪರ್ಶವೇ ಬೇಕು, ದಪ್ಪ ಚರ್ಮದ ಗ್ಲೌಸ್ ಅದಕ್ಕೆ ಲೆಕ್ಕಕ್ಕಿಲ್ಲ. ಬೆರಳ ತುದಿಗೆ ವಿದ್ಯುತ್ ಹರಿಯುವ ದಾರ ಹೊಲಿದ ಗ್ಲೌಸ್ ಸಿಗುತ್ತವೆ. ಆದರೆ ದಾರ ಸವೆದಂತೆ ಸ್ಪಂದನೆಯೂ ಕುಂದುತ್ತದೆ. ಬೈಕಿಗೆಂದೇ ಮಾಡಿದ ಸಾಧನಗಳು ಸಾಮಾನ್ಯವಾಗಿ ಗ್ಲೌಸ್ ಹಾಕಿದ ಕೈಗೂ ಸ್ಪಂದಿಸುತ್ತವೆ. ಎಡಗೈ ಹೆಬ್ಬೆರಳಿಗೆ ಸಿಗುವಂತೆ ಜೂಮ್ ಬಟನ್ ಇರುವ ಪುಟ್ಟ ರಿಮೋಟ್ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಎಷ್ಟು ಬಗೆಯ ಉಪಗ್ರಹಗಳನ್ನು ಹಿಡಿಯುತ್ತದೆ ಎಂಬುದಕ್ಕೆ ಜಾಹೀರಾತು ಕೊಡುವಷ್ಟು ಮಹತ್ವ ಕೊಡಬೇಕಿಲ್ಲ. ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ ಉಪಗ್ರಹ ವ್ಯವಸ್ಥೆಗಳೂ ಈಗ ಸಾಧಾರಣ ಫೋನಿನಲ್ಲೂ ಇವೆ. ಎರಡು ತರಂಗಾಂತರಗಳಲ್ಲಿ, ಅಂದರೆ ಎಲ್1 ಮತ್ತು ಎಲ್5ರಲ್ಲಿ, ಸಂಕೇತ ಹಿಡಿಯುವ ಚಿಪ್ ಇದ್ದರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಎತ್ತರದ ಕಟ್ಟಡ, ಬಂಡೆಗೋಡೆಗಳಿಗೆ ಬಡಿದು ಬರುವ ಸಂಕೇತದಿಂದ ಬಾಣ ಪಕ್ಕದ ರಸ್ತೆಗೆ ಹಾರುವುದು ಇದರಲ್ಲಿ ಕಡಿಮೆ.

ನಿಜವಾದ ತಲೆನೋವು ರೂಟ್ ಮತ್ತು ಟ್ರ್ಯಾಕ್ ನಡುವಿನದು. ಎರಡೂ ದಾರಿಯ ಮಾಹಿತಿ ಉಳಿಸಿಡುವ ಜಿಪಿಎಕ್ಸ್ ಫೈಲಿನಲ್ಲೇ ಬರುವುದರಿಂದ ಒಂದೇ ಎಂದುಕೊಳ್ಳುವವರೇ ಹೆಚ್ಚು. ಟ್ರ್ಯಾಕ್ ಎಂದರೆ ನಕ್ಷೆಯ ಮೇಲೆ ಎಳೆದ ಗೆರೆ, ಅದು ಅಲುಗಾಡುವುದಿಲ್ಲ. ರೂಟ್‌ನಲ್ಲಿ ಇರುವುದು ಕೆಲವು ಬಿಂದುಗಳಷ್ಟೇ. ನಡುವಿನ ದಾರಿಯನ್ನು ಸಾಧನ ತನ್ನ ನಕ್ಷೆ ನೋಡಿ ಲೆಕ್ಕ ಹಾಕುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಒಂದು ನಕ್ಷೆ, ಸಾಧನದಲ್ಲಿ ಹಳೆಯ ಇನ್ನೊಂದು ನಕ್ಷೆ ಇದ್ದರೆ ನೀವು ಆರಿಸಿದ ಘಟ್ಟದ ರಸ್ತೆ ಬಿಟ್ಟು ಹೆದ್ದಾರಿಯತ್ತ ಎಳೆದೊಯ್ಯುವುದು ಇದರಿಂದಲೇ. ಆದ್ದರಿಂದ ಟ್ರ್ಯಾಕನ್ನು ಬಣ್ಣದ ಗೆರೆಯಾಗಿ ಅಡಿಯಲ್ಲಿ ತೋರಿಸಿ, ಅದರ ಮೇಲೆ ರೂಟ್ ಓಡಿಸಬಲ್ಲ ಸಾಧನವನ್ನೇ ಆರಿಸಿ. ಎರಡೂ ಬೇರೆಯಾದ ಜಾಗದಲ್ಲಿ ಗೆರೆಯನ್ನು ನಂಬಿದರಾಯಿತು.

ಬಿಂದುಗಳಲ್ಲೂ ಎರಡು ಜಾತಿ. ಒಂದು, ಮುಟ್ಟಲೇಬೇಕಾದ ನಿಲ್ದಾಣ. ಇನ್ನೊಂದು, ದಾರಿಯನ್ನು ಬಾಗಿಸಲು ಮಾತ್ರ ಇಟ್ಟದ್ದು. ಎಲ್ಲವನ್ನೂ ನಿಲ್ದಾಣವೆಂದೇ ಇಟ್ಟರೆ, ರಸ್ತೆ ದುರಸ್ತಿಯಿಂದ ಒಂದು ತಪ್ಪಿದರೂ ಸಾಧನ ಹಟ ಹಿಡಿದ ಮಗುವಿನಂತೆ 'ಹಿಂದಕ್ಕೆ ತಿರುಗಿ' ಎನ್ನುತ್ತಲೇ ಇರುತ್ತದೆ. ಮುಂದಿನ ಬಿಂದುವಿಗೆ ಜಿಗಿಯುವ 'ಸ್ಕಿಪ್' ಬಟನ್ ಒಂದೇ ಒತ್ತಿಗೆ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಇನ್ನೊಂದು ಸಣ್ಣ ಎಡವಟ್ಟು: ನಡುವೆ ವಿಭಜಕವಿರುವ ರಸ್ತೆಯಲ್ಲಿ ಪಿನ್ನು ಎದುರು ಬದಿಗೆ ಬಿದ್ದರೆ, ಅದನ್ನು ಮುಟ್ಟಿಸಲೆಂದೇ ಸಾಧನ ಮುಂದಿನ ಯು-ಟರ್ನ್‌ವರೆಗೆ ಒಯ್ದು ವಾಪಸು ತರುತ್ತದೆ. ಪೂರ್ತಿ ಜೂಮ್ ಮಾಡಿ, ಕೂಡುರಸ್ತೆಯಿಂದ ನೂರಿನ್ನೂರು ಮೀಟರ್ ದಾಟಿಸಿ, ನೀವು ಹೋಗುವ ಬದಿಯಲ್ಲೇ ಪಿನ್ನು ಊರಬೇಕು.

ಮಧ್ಯಾಹ್ನ ಫೋನಿಗೆ ಗ್ರಹಚಾರ. ನೇರ ಬಿಸಿಲು, ಗರಿಷ್ಠ ಬೆಳಕಿನ ಸ್ಕ್ರೀನ್, ಜೊತೆಗೆ ಚಾರ್ಜಿಂಗ್. ಮೂರೂ ಸೇರಿ ಬಿಸಿಯೇರಿದಾಗ ಫೋನು ಚಾರ್ಜಿಂಗ್ ನಿಲ್ಲಿಸುತ್ತದೆ, ಸ್ಕ್ರೀನನ್ನೂ ಮಬ್ಬಾಗಿಸುತ್ತದೆ. ಬೆಳಕು ಬೇಕಾದ ಹೊತ್ತಿಗೇ ಬೆಳಕಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಚೀಲದೊಳಗಿಟ್ಟರೆ ಇದು ಇನ್ನೂ ಬೇಗ ಆಗುತ್ತದೆ. ಎಂಜಿನ್ನಿನ ನಡುಕದ ಕಥೆ ಬೇರೆಯೇ. ಹೆಚ್ಚು ಶಕ್ತಿಯ ಬೈಕಿನ ಕಂಪನ ಹ್ಯಾಂಡಲ್ ಮೂಲಕ ತಲುಪಿದರೆ ಕ್ಯಾಮೆರಾದ ಸ್ಥಿರೀಕರಣ ವ್ಯವಸ್ಥೆ ಕೆಡಬಹುದೆಂದು ಆಪಲ್ 2021ರಲ್ಲಿ ತಾನೇ ಎಚ್ಚರಿಸಿತ್ತು. ನಡುಕ ಹೀರುವ ರಬ್ಬರ್ ಡ್ಯಾಂಪರ್ ಇಲ್ಲದ ಹೋಲ್ಡರಿಗೆ ಒಳ್ಳೆಯ ಫೋನು ಸಿಕ್ಕಿಸುವುದು ನನ್ನ ಮಟ್ಟಿಗೆ ದಂಡ. ಹಳೆಯ ಫೋನೊಂದರಲ್ಲಿ ಆಫ್‌ಲೈನ್ ನಕ್ಷೆ ತುಂಬಿಸಿ ಸಿಕ್ಕಿಸಿದರೆ ಸಿಮ್ಮೂ ಬೇಡ, ಹೆದರಿಕೆಯೂ ಬೇಡ.

ಮಳೆಗೆ ಐಪಿ67 ಸಾಕೆಂದು ನಂಬುತ್ತಾರೆ. ಅದರರ್ಥ ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದಷ್ಟೇ. ಚಾರ್ಜಿಂಗ್ ಪಿನ್ ಒದ್ದೆಯಾದರೆ ಫೋನು ಚಾರ್ಜನ್ನೇ ನಿರಾಕರಿಸಬಹುದು. ಸಾಲದ್ದಕ್ಕೆ ಹನಿಗಳನ್ನೇ ಬೆರಳೆಂದು ತಿಳಿದು ನಕ್ಷೆ ತನ್ನಷ್ಟಕ್ಕೆ ಜರುಗತೊಡಗುತ್ತದೆ. ಸ್ಕ್ರೀನ್ ಲಾಕ್ ಇರಬೇಕಾದ್ದು ಇಲ್ಲಿ. ವೈರು ಚುಚ್ಚದೆ ಹೋಲ್ಡರಿನ ತಳದ ಲೋಹದ ಚುಕ್ಕಿಗಳಿಂದ ಚಾರ್ಜಾಗುವ ಸಾಧನಗಳು ಇದರಲ್ಲಿ ಮೇಲು.

ಹೆಲ್ಮೆಟ್ಟಿನ ಬ್ಲೂಟೂತ್ ಇದ್ದರೆ ಸ್ಕ್ರೀನ್ ನೋಡುವುದೇ ಕಡಿಮೆ. ಆದರೆ 'ಬಲಕ್ಕೆ ತಿರುಗಿ' ಎಂಬಲ್ಲಿ 'ತಿರುಗಿ' ಮಾತ್ರ ಕೇಳಿಸಿದರೆ? ಧ್ವನಿ ಫೋನ್ ಕರೆಯ ಜಾಡಿನಲ್ಲಿ ಹೋಗುತ್ತಿದ್ದರೆ ಹೀಗಾಗುತ್ತದೆ. ಆ ಜಾಡು ತೆರೆದುಕೊಳ್ಳುವಷ್ಟರಲ್ಲಿ ಮೊದಲ ಪದ ಕಳೆದುಹೋಗಿರುತ್ತದೆ. ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ಸಂಗೀತ ಹೋಗುವ ಜಾಡಿಗೆ ಬದಲಿಸಿದರೆ ಬಹುತೇಕ ಸರಿಹೋಗುತ್ತದೆ.

ಸಂಜೆ ಗಾಡಿ ನಿಲ್ಲಿಸಿ ಕೀ ತೆಗೆದ ಮೇಲೆ ಬೈಕಿಗೆ ಹಾಕಿಸಿದ ಚಾರ್ಜರಿನ ದೀಪ ನೋಡಿ. ಇನ್ನೂ ಉರಿಯುತ್ತಿದ್ದರೆ ಅದನ್ನು ನೇರ ಬ್ಯಾಟರಿಗೇ ಜೋಡಿಸಲಾಗಿದೆ ಎಂದರ್ಥ. ಸುಮ್ಮನಿದ್ದಾಗಲೂ 30 ಮಿಲಿಆ್ಯಂಪ್ ಎಳೆಯುವ ಚಾರ್ಜರು ದಿನಕ್ಕೆ ಸುಮಾರು 0.7 ಆ್ಯಂಪ್-ಅವರ್ ಕುಡಿಯುತ್ತದೆ. 8 ಆ್ಯಂಪ್-ಅವರ್ ಬ್ಯಾಟರಿಯಲ್ಲಿ ವಾರ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ, ಸೆಲ್ಫ್ ಸ್ಟಾರ್ಟ್ 'ಟಿಕ್' ಎಂದು ಸುಮ್ಮನಾಗುತ್ತದೆ. ಕೀ ಆನ್ ಆದಾಗ ಮಾತ್ರ ಜೀವ ಬರುವ ತಂತಿಯಿಂದ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ನಡೆಸಿ, ಬ್ಯಾಟರಿಯ ಪಕ್ಕದಲ್ಲೇ 3 ಆ್ಯಂಪ್ ಫ್ಯೂಸ್ ಹಾಕಿಸಿ. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ವೈರು ಬಿಗಿಯಾಗುವುದಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ವೈರು ಕಟ್ಟುವ ಪ್ಲಾಸ್ಟಿಕ್ ಟೈ ಬಿಗಿಯಿರಿ.