ಕೇಳಿದ್ದಕ್ಕೆ ಬಂದ ಉತ್ತರ, ಹೇಳದೇ ಉಳಿದ ಕಾರಣ

ಮಾರುಕಟ್ಟೆ ಸಂಶೋಧನೆಯೆಂದರೆ ಪ್ರಶ್ನಾವಳಿ ಹಂಚಿ, ಬಂದ ಉತ್ತರಗಳನ್ನು ಎಣಿಸಿ, ಶೇಕಡಾವಾರು ಲೆಕ್ಕ ಹಾಕುವ ಕೆಲಸ ಎಂದೇ ನಾನು ಬಹುಕಾಲ ತಿಳಿದಿದ್ದೆ. ಆ ತಿಳಿವಳಿಕೆಯನ್ನು ಅಲುಗಿಸಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಮೇಸನ್ ಹೇರ್ 1950ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗ. ಇನ್‌ಸ್ಟಂಟ್ ಕಾಫಿಯನ್ನು ಏಕೆ ಬಳಸುವುದಿಲ್ಲ ಎಂದು ಗೃಹಿಣಿಯರನ್ನು ನೇರವಾಗಿ ಕೇಳಿದಾಗ, ಅದರ ರುಚಿ ಹಿಡಿಸುವುದಿಲ್ಲ ಎಂಬ ಉತ್ತರವೇ ಹೆಚ್ಚಾಗಿ ಬರುತ್ತಿತ್ತು. ಹೇರ್ ಆ ಉತ್ತರವನ್ನು ನಂಬಿ ಕೂರಲಿಲ್ಲ. ಅವರು ಎರಡು ದಿನಸಿ ಪಟ್ಟಿಗಳನ್ನು ಸಿದ್ಧಪಡಿಸಿದರು. ಆಲೂಗಡ್ಡೆ, ಕ್ಯಾರೆಟ್, ಬ್ರೆಡ್ಡು ಎಲ್ಲವೂ ಎರಡರಲ್ಲೂ ಒಂದೇ. ಒಂದರಲ್ಲಿ ಮಾತ್ರ ನೆಸ್‌ಕೆಫೆ ಇನ್‌ಸ್ಟಂಟ್ ಕಾಫಿ, ಇನ್ನೊಂದರಲ್ಲಿ ಮ್ಯಾಕ್ಸ್‌ವೆಲ್ ಹೌಸ್‌ನ ಸಾಂಪ್ರದಾಯಿಕ ಕಾಫಿಪುಡಿ ಇತ್ತು. ಪ್ರತಿ ಗೃಹಿಣಿಗೂ ಎರಡರಲ್ಲಿ ಯಾವುದಾದರೂ ಒಂದು ಪಟ್ಟಿಯನ್ನು ಮಾತ್ರ ತೋರಿಸಿ, ಇದನ್ನು ಬರೆದ ಹೆಂಗಸು ಎಂಥವಳಿರಬಹುದು ಎಂದು ವರ್ಣಿಸಲು ಹೇಳಲಾಯಿತು. ಇನ್‌ಸ್ಟಂಟ್ ಕಾಫಿಯ ಪಟ್ಟಿ ನೋಡಿದವರಲ್ಲಿ ಶೇ. 48ರಷ್ಟು ಜನ ಅವಳನ್ನು ಸೋಮಾರಿ ಎಂದರು; ಇನ್ನೊಂದು ಪಟ್ಟಿ ನೋಡಿದವರಲ್ಲಿ ಹಾಗೆಂದವರು ಶೇ. 4 ಮಾತ್ರ.

ಹೀಗೆ ರುಚಿಯ ಮಾತಿನ ಹಿಂದೆ ‘ನೋಡಿದವರು ಏನೆಂದುಕೊಂಡಾರು’ ಎಂಬ ಅಳುಕು ಅಡಗಿತ್ತು. ಆ ಗೃಹಿಣಿಯರು ಸುಳ್ಳು ಹೇಳುತ್ತಿದ್ದರು ಎಂದು ನನಗನ್ನಿಸುವುದಿಲ್ಲ; ಕೊಳ್ಳುವ ನಿರ್ಧಾರದ ನಿಜವಾದ ಕಾರಣ ಎಷ್ಟೋ ಸಲ ಕೊಳ್ಳುವವರಿಗೇ ತಿಳಿದಿರುವುದಿಲ್ಲ, ತಿಳಿದಿದ್ದರೂ ಅಪರಿಚಿತರ ಮುಂದೆ ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ತನ್ನ ಬಗ್ಗೆ ಹೇಳಲಾಗದ್ದನ್ನು ಮನುಷ್ಯ ಮೂರನೆಯವರ ಬಗ್ಗೆ ಧಾರಾಳವಾಗಿ ಹೇಳುತ್ತಾನೆ ಎಂಬುದನ್ನು ಬಳಸಿಕೊಂಡೇ ಈ ಪರೋಕ್ಷ ವಿಧಾನ ಕೆಲಸ ಮಾಡುತ್ತದೆ.

ಪ್ರಶ್ನೆಯ ಮಾತು ಬದಲಾದರೆ ಉತ್ತರವೂ ಬದಲಾಗುತ್ತದೆ ಎಂಬುದು ಸಾರ್ವಜನಿಕ ಅಭಿಪ್ರಾಯದ ಸಮೀಕ್ಷೆಗಳಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಪ್ರಜಾಪ್ರಭುತ್ವದ ವಿರುದ್ಧದ ಭಾಷಣಗಳನ್ನು ‘ನಿಷೇಧಿಸಬೇಕೇ’ ಎಂದು 1940ರ ಸುಮಾರಿಗೆ ಅಮೆರಿಕನ್ನರನ್ನು ಕೇಳಿದಾಗ ಶೇ. 54ರಷ್ಟು ಜನ ಹೌದು ಎಂದರು. ಅದೇ ಭಾಷಣಗಳಿಗೆ ‘ಅವಕಾಶ ಕೊಡಬೇಕೇ’ ಎಂದು ಬೇರೊಂದು ಗುಂಪನ್ನು ಕೇಳಿದಾಗ ಶೇ. 75ರಷ್ಟು ಜನ ಬೇಡ ಎಂದರು. ತರ್ಕಕ್ಕೆ ಎರಡೂ ಒಂದೇ ಪ್ರಶ್ನೆ. ಆದರೆ ‘ನಿಷೇಧ’ ಎಂಬ ಪದದ ಗಡಸುತನಕ್ಕೆ ಹಿಂಜರಿದವರು ‘ಅವಕಾಶ ಬೇಡ’ ಎನ್ನಲು ಹಿಂಜರಿಯಲಿಲ್ಲ. ಪ್ರಶ್ನೆಯ ಪೂರ್ಣಪಾಠವನ್ನು ಕೊಡದೆ ಬರೀ ಶೇಕಡಾವಾರು ಕೊಡುವ ವರದಿಗಳನ್ನು ಕಂಡರೆ ನನಗೆ ಅಪನಂಬಿಕೆ ಹುಟ್ಟುವುದು ಇದೇ ಕಾರಣಕ್ಕೆ.

ಮನೋಭಾವವನ್ನು ಸರಿಯಾಗಿ ಅಳೆದ ಮಾತ್ರಕ್ಕೆ ನಡತೆ ತಿಳಿದುಬಿಡುವುದೂ ಇಲ್ಲ. 1930ರ ದಶಕದ ಆರಂಭದಲ್ಲಿ, ಏಷ್ಯಾದವರ ಮೇಲಿನ ಪೂರ್ವಗ್ರಹ ದಟ್ಟವಾಗಿದ್ದ ಅಮೆರಿಕದಲ್ಲಿ, ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ ಚೀನೀ ದಂಪತಿಯೊಂದಿಗೆ ದೇಶ ಸುತ್ತಿ 251 ಹೋಟೆಲು, ವಸತಿಗೃಹಗಳಿಗೆ ಹೋದರು. ಅವರನ್ನು ಹೊರಗಟ್ಟಿದ್ದು ಒಂದು ಕಡೆ ಮಾತ್ರ. ಕೆಲವು ತಿಂಗಳ ನಂತರ ಅದೇ ಸ್ಥಳಗಳಿಗೆ ಪತ್ರ ಬರೆದು ಚೀನೀಯರನ್ನು ಅತಿಥಿಗಳಾಗಿ ಸ್ವೀಕರಿಸುವಿರಾ ಎಂದು ಕೇಳಿದಾಗ, ಉತ್ತರಿಸಿದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಇಲ್ಲ ಎಂದರು. ಕಾಗದದ ಮೇಲೆ ಉತ್ತರಿಸುವಾಗ ಕಣ್ಣೆದುರಿಗಿರುವುದು ಒಂದು ವರ್ಗ. ಬಾಗಿಲಲ್ಲಿ ನಿಂತಿರುವುದು ನಗುಮೊಗದ ಇಬ್ಬರು ಮನುಷ್ಯರು. ಕೊಳ್ಳುಗರ ವಿಷಯದಲ್ಲಿ ಸಂಶೋಧಕರು ಹೇಳಿಕೆಯೊಂದನ್ನೇ ನೆಚ್ಚಿಕೊಳ್ಳದೆ ಖರೀದಿಯ ದಾಖಲೆಗಳನ್ನೂ ಬಳಕೆಯ ದಿನಚರಿಗಳನ್ನೂ ಜೊತೆಗಿಟ್ಟು ನೋಡುವುದು ಈ ಅಂತರದಿಂದಾಗಿಯೇ.

ಪ್ರಶ್ನೆಗಳನ್ನು ಜಾಗ್ರತೆಯಿಂದ ಕೇಳಿಯೂ ಮುಖ್ಯವಾದದ್ದನ್ನು ಬಿಟ್ಟುಬಿಡಬಹುದು. 1985ರ ಏಪ್ರಿಲ್‌ನಲ್ಲಿ ಕೋಕಾ-ಕೋಲಾ ಕಂಪನಿ ತನ್ನ ಹಳೆಯ ಪಾನೀಯದ ಸೂತ್ರವನ್ನೇ ಬದಲಿಸಿತು. ಅದಕ್ಕೂ ಮೊದಲು ಸುಮಾರು 2 ಲಕ್ಷ ಮಂದಿಯ ಮೇಲೆ ರುಚಿ ಪರೀಕ್ಷೆಗಳು ನಡೆದಿದ್ದವು, ಹೊಸ ರುಚಿಯೇ ಗೆದ್ದಿತ್ತು. ಆದರೆ ಒಂದು ಲೋಟದ ಗುಟುಕಿಗೆ ಅಂಕ ಕೊಡುವುದೇ ಬೇರೆ, ಬಾಲ್ಯದಿಂದ ಜೊತೆಗಿದ್ದ ಪಾನೀಯ ಅಂಗಡಿಯಿಂದಲೇ ಕಣ್ಮರೆಯಾಗುವುದನ್ನು ಒಪ್ಪುವುದೇ ಬೇರೆ. ದೂರುಗಳ ಮಹಾಪೂರಕ್ಕೆ ಮಣಿದ ಕಂಪನಿ 79 ದಿನಗಳಲ್ಲಿ ಹಳೆಯ ಸೂತ್ರವನ್ನು ಮರಳಿ ತಂದಿತು.

ಇನ್ನು ಸಂಖ್ಯೆಯ ವಿಷಯ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಸಮೀಕ್ಷಾ ಮತಪತ್ರಗಳನ್ನು ಅಂಚೆಯಲ್ಲಿ ಕಳಿಸಿ, ಮರಳಿದ 20 ಲಕ್ಷಕ್ಕೂ ಮಿಕ್ಕಿದವುಗಳ ಆಧಾರದ ಮೇಲೆ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆಂದಿತು. ಆದರೆ ಅವರ ಎದುರಾಳಿ, ಆಗ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್, 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಸಮೀಕ್ಷಕ ಜಾರ್ಜ್ ಗ್ಯಾಲಪ್ ಅದಕ್ಕಿಂತ ಬಹಳ ಚಿಕ್ಕ ಮಾದರಿಯಿಂದಲೇ, ಅಂದರೆ ಆಯ್ದ ಕಡಿಮೆ ಜನರನ್ನು ಕೇಳಿಯೇ, ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು. ಪತ್ರಿಕೆ ವಿಳಾಸಗಳನ್ನು ಆರಿಸಿಕೊಂಡದ್ದು ದೂರವಾಣಿ ಮತ್ತು ಮೋಟಾರು ವಾಹನ ಉಳ್ಳವರ, ಅಂದರೆ ಆ ಕಾಲದ ಅನುಕೂಲಸ್ಥರ, ಪಟ್ಟಿಗಳಿಂದ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಕಾರಣವೂ ಇದೆ: ಮತಪತ್ರ ಕೈಸೇರಿದ ಮೇಲೂ ಅದನ್ನು ತುಂಬಿ ಕಳಿಸುವ ಆಸ್ಥೆ ತೋರಿದವರಲ್ಲಿ ರೂಸ್‌ವೆಲ್ಟ್ ವಿರೋಧಿಗಳ ಪ್ರಮಾಣವೇ ಹೆಚ್ಚಿತ್ತು. ಉಳಿದ ಸುಮಾರು ಮುಕ್ಕಾಲು ಕೋಟಿ ಮತಪತ್ರಗಳು ಮರಳಲೇ ಇಲ್ಲ.