ಲಂಡನ್‌ನಿಂದ ಪ್ಯಾರಿಸ್‌ಗೆ: ಹಾರುವುದು ಮುಕ್ಕಾಲು ಗಂಟೆ, ತಲುಪಲು ಅರ್ಧ ದಿನ

ಲಂಡನ್–ಪ್ಯಾರಿಸ್ ನಡುವೆ ನೇರ ದೂರ ಸುಮಾರು 344 ಕಿ.ಮೀ. ಹೆಚ್ಚುಕಡಿಮೆ ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋದಷ್ಟು. ವಿಮಾನ ಆಕಾಶದಲ್ಲಿರುವುದು 45–50 ನಿಮಿಷ. ಟಿಕೆಟ್‌ನಲ್ಲಿ ಮಾತ್ರ 1 ಗಂಟೆ 15–25 ನಿಮಿಷ ಎಂದಿರುತ್ತದೆ. ಹೀಥ್ರೂ ರನ್‌ವೇಯಲ್ಲಿ ಸರದಿ ಕಾಯುವುದು, ಪ್ಯಾರಿಸ್‌ನ ಶಾರ್ಲ್ ದ ಗೋಲ್‌ನಲ್ಲಿ ಇಳಿದ ಮೇಲೆ ಗೇಟ್‌ವರೆಗೆ ಸಾಗುವುದು ಎಲ್ಲ ಅದರಲ್ಲೇ ಸೇರಿದೆ. ಪ್ಯಾರಿಸ್ ಗಡಿಯಾರ ವರ್ಷವಿಡೀ 1 ಗಂಟೆ ಮುಂದೆ. ಹಾಗಾಗಿ 9:00ಕ್ಕೆ ಹೊರಟು 11:20ಕ್ಕೆ ಇಳಿಯುವ ವಿಮಾನದ ಪ್ರಯಾಣ 1 ಗಂಟೆ 20 ನಿಮಿಷ ಅಷ್ಟೆ.

ಮನೆಬಾಗಿಲಿನಿಂದ ಲೆಕ್ಕ ಹಾಕಿದರೆ ಚಿತ್ರವೇ ಬೇರೆ. ಲಂಡನ್ ಸುರಂಗ ರೈಲಿನ ಪಿಕಾಡಿಲಿ ಲೈನ್‌ನಲ್ಲಿ ಹೀಥ್ರೂಗೆ ಸುಮಾರು 1 ಗಂಟೆ, ಅಲ್ಲಿ 2 ಗಂಟೆ, ವಿಮಾನ, ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಲಗೇಜು, ಆಮೇಲೆ ಆರ್‌ಇಆರ್ ಬಿ ರೈಲಿನಲ್ಲಿ ಊರೊಳಕ್ಕೆ ಅರ್ಧ ಗಂಟೆ. ಐದೂವರೆ ಗಂಟೆ ಸಲೀಸಾಗಿ ಹೋಗುತ್ತದೆ. (ಆರ್‌ಇಆರ್‌ಗೆ ವಿಮಾನನಿಲ್ದಾಣದ ಪ್ರತ್ಯೇಕ ಟಿಕೆಟ್ ಬೇಕು; ಮಾಮೂಲಿ ಮೆಟ್ರೊ ಟಿಕೆಟ್ ನಡೆಯದು, ದಂಡ ಬೀಳುತ್ತದೆ.) ಅಗ್ಗದ ವಿಮಾನ ಲೂಟನ್‌ನಿಂದ ಹೊರಡುವುದಾದರೆ ಅಲ್ಲಿಗೆ ಹೋಗುವ ಖರ್ಚನ್ನೂ ಕೂಡಿಸಿ ನೋಡಿ. ಅದು ಲಂಡನ್ ನಡುಮಧ್ಯದಿಂದ ಸುಮಾರು 50 ಕಿ.ಮೀ. ದೂರದಲ್ಲಿದೆ.

ಯೂರೋಸ್ಟಾರ್ ರೈಲು ಲಂಡನ್‌ನ ಸೇಂಟ್ ಪ್ಯಾಂಕ್ರಸ್‌ನಿಂದ ಪ್ಯಾರಿಸ್‌ನ ಗಾರ್ ದು ನಾರ್‌ಗೆ ಸುಮಾರು 2 ಗಂಟೆ 20 ನಿಮಿಷ. ಎರಡೂ ನಿಲ್ದಾಣ ಊರಿನೊಳಗೇ ಇವೆ. ಬ್ರಿಟಿಷ್, ಫ್ರೆಂಚ್ ತಪಾಸಣೆ ಎರಡೂ ಹತ್ತುವ ಮೊದಲೇ ಮುಗಿಯುವುದರಿಂದ ಇಳಿದವರು ಸೀದಾ ಹೊರನಡೆಯಬಹುದು. ಆದರೆ ರೈಲಲ್ಲವೇ ಎಂದು ಕೊನೇ ಗಳಿಗೆಯಲ್ಲಿ ಓಡಿ ಹೋದರೆ ಕೆಟ್ಟಿರಿ: ಹೊರಡುವ 30 ನಿಮಿಷ ಮೊದಲೇ ಗೇಟ್ ಮುಚ್ಚುತ್ತದೆ. 2025ರ ಅಕ್ಟೋಬರ್‌ನಲ್ಲಿ ಶುರುವಾದ ಇಇಎಸ್ ಗಡಿ ನೋಂದಣಿಯಿಂದ (ಹೊರದೇಶದವರ ಬೆರಳಚ್ಚು, ಫೋಟೊ ದಾಖಲಿಸುವ ಯುರೋಪಿನ ವ್ಯವಸ್ಥೆ) ಸಾಲು ನಿಧಾನವಾಗಬಹುದು. ಒಂದೂವರೆ ಗಂಟೆ ಮುಂಚೆ ಹೋಗಿ. ಟಿಕೆಟ್ ಬೇಗ ಕೊಂಡಷ್ಟೂ ಅಗ್ಗ.

ಭಾರತೀಯ ಪಾಸ್‌ಪೋರ್ಟಿನವರು ಎಡವುವುದು ವೀಸಾದಲ್ಲಿ. ಷೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಬ್ರಿಟನ್‌ಗೆ ನಡೆಯದು, ಬ್ರಿಟನ್‌ನದು ಫ್ರಾನ್ಸ್‌ಗೆ ನಡೆಯದು. ಪ್ಯಾರಿಸ್‌ಗೆ ಮೊದಲು ಹೋಗಿ, ಲಂಡನ್ ನೋಡಿ, ಮತ್ತೆ ಪ್ಯಾರಿಸ್‌ಗೆ ಮರಳುವವರ ಷೆಂಗೆನ್ ವೀಸಾದಲ್ಲಿ ಒಂದೇ ಪ್ರವೇಶ ಎಂದಿದ್ದರೆ ಲಂಡನ್‌ನಲ್ಲೇ ಸಿಕ್ಕಿಕೊಳ್ಳುತ್ತಾರೆ. ಬೆಂಗಳೂರಿನಿಂದ ಬರುವವರಿಗೆ ಸುಲಭದ ದಾರಿ, ಬುಕಿಂಗ್‌ನಲ್ಲಿ ‘ಮಲ್ಟಿ ಸಿಟಿ’ ಆರಿಸಿ ಲಂಡನ್‌ನಲ್ಲಿ ಇಳಿದು ಪ್ಯಾರಿಸ್‌ನಿಂದ ಊರಿಗೆ ಹೊರಡುವುದು. ನಡುವಿನ ರೈಲು ಒಂದೇ ಸಲ, ಪ್ರವೇಶವೂ ಒಂದೇ ಸಲ.

ಹೀಥ್ರೂದಲ್ಲಿ ಇಳಿದು ಅದೇ ದಿನ ಒಂದೇ ಟಿಕೆಟ್‌ನಲ್ಲಿ ಪ್ಯಾರಿಸ್‌ಗೆ ಮುಂದುವರಿಯುವವರಿಗೆ ಮಾತ್ರ ವಿಮಾನವೇ ಮೇಲು. ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಸೇರಿಸುವ ಹೊಣೆ ಸಂಸ್ಥೆಯದು. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಆ ನಷ್ಟ ನಿಮ್ಮದೇ.

ಸಾಮಾನು ಹೆಚ್ಚಿದ್ದರೆ ರೈಲು. ಮಾಮೂಲಿ ಟಿಕೆಟ್‌ಗೂ 85 ಸೆಂ.ಮೀ.ವರೆಗಿನ ಎರಡು ಸೂಟ್‌ಕೇಸ್, ಜೊತೆಗೊಂದು ಕೈಚೀಲ ಬಿಡುತ್ತಾರೆ. ತೂಕ ಮಾಡುವುದಿಲ್ಲ, ಆದರೆ ಎತ್ತಿಡಬೇಕಾದವರು ನೀವೇ. 100 ಮಿ.ಲೀ. ದ್ರವದ ಮಿತಿಯೂ ಇಲ್ಲ, ಉಪ್ಪಿನಕಾಯಿ ಬಾಟಲಿ ಪಾರಾಗುತ್ತದೆ. ತುಪ್ಪ, ಪೇಡ ಮಾತ್ರ ಲಂಡನ್‌ನಲ್ಲೇ ಖಾಲಿ ಮಾಡಿ: ಹಾಲಿನ ಪದಾರ್ಥ, ಮಾಂಸವನ್ನು ಬ್ರಿಟನ್‌ನಿಂದ ಫ್ರಾನ್ಸ್‌ಗೆ ಒಯ್ಯುವಂತಿಲ್ಲ.